ಗೋಬಿ ಮಂಚೂರಿಯ ಕೆಂಪು ಎಲ್ಲಿಯದು?

ಹೂಕೋಸು ಬಿಳಿ, ಮೈದಾ ಬಿಳಿ, ಕಾರ್ನ್‌ಫ್ಲೋರ್ ಬಿಳಿ, ಸೋಯಾ ಸಾಸ್ ಕಪ್ಪು. ಆದರೆ ಕಾಲೇಜಿನ ಮುಂದಿನ ತಳ್ಳುಗಾಡಿಯಲ್ಲಿ ಬಾಣಲೆಯಿಂದ ಇಳಿಯುವ ಗೋಬಿ ಮಂಚೂರಿ ಮಾತ್ರ ಕೆಂಡದಂತೆ ಹೊಳೆಯುತ್ತದೆ. ಈ ಕೆಂಪು ಬಂದದ್ದು ಎಲ್ಲಿಂದ?

ಉತ್ತರ ಸಿಕ್ಕಿದ್ದು ಪ್ರಯೋಗಾಲಯದಲ್ಲಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದಂತೆ, ಪರೀಕ್ಷಿಸಿದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣಗಳಿದ್ದವು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಇದೇ ಸಾಲಿಗೆ ಸೇರಿದವು. ಗೋಬಿಗೆ ಕೃತಕ ಬಣ್ಣ ಬೆರೆಸುವುದನ್ನೂ ಬಣ್ಣದ ಬಾಂಬೆ ಮಿಠಾಯಿ ಮಾರುವುದನ್ನೂ ಸರ್ಕಾರ ಆಗ ನಿಷೇಧಿಸಿತು. ಅದೇ ವರ್ಷದ ಜೂನ್‌ನಲ್ಲಿ ಕಬಾಬಿನ ಸರದಿ ಬಂತು. ಅಲ್ಲಿ 39 ಮಾದರಿಗಳಲ್ಲಿ 8 ಅಸುರಕ್ಷಿತ ಎನಿಸಿದವು.

ಪತ್ತೆಯಾದ ಬಣ್ಣಗಳೆಲ್ಲ ಒಂದೇ ಜಾತಿಯವಲ್ಲ. ರೋಡಮಿನ್-ಬಿ ಎಂಬುದು ಬಟ್ಟೆ, ಕಾಗದಗಳಿಗೆ ಹಾಕುವ ಬಣ್ಣ. ಅದನ್ನು ಯಾವ ಆಹಾರದಲ್ಲೂ ಬಳಸುವಂತಿಲ್ಲ. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯಿಸಿನ್‌ಗಳಿಗೆ ನಮ್ಮ ದೇಶದಲ್ಲಿ ಅನುಮತಿ ಇದೆ. ಆದರೆ ಅದು ಕೆಲವೇ ತಿನಿಸುಗಳಿಗೆ, ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಮಿತಿಯೊಳಗೆ. ತಳ್ಳುಗಾಡಿಯಲ್ಲಿ ತಕ್ಕಡಿ ಇಲ್ಲ, ಚಿಟಿಕೆಯೇ ಅಳತೆ.

ಮಿತಿಯಲ್ಲಿದ್ದರೂ ಮಕ್ಕಳ ವಿಷಯದಲ್ಲಿ ಎಚ್ಚರ ಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ 3 ವರ್ಷದ ಹಾಗೂ 8-9 ವರ್ಷದ ಮಕ್ಕಳಿಗೆ ಇಂಥ ಬಣ್ಣಗಳನ್ನೂ ಸೋಡಿಯಂ ಬೆಂಜೊಯೇಟನ್ನೂ ಬೆರೆಸಿದ ಪಾನೀಯ ಕೊಟ್ಟು ನೋಡಿತು. ಕೆಲವು ಮಕ್ಕಳಲ್ಲಿ ಅತಿಚಟುವಟಿಕೆ ಹೆಚ್ಚಿದ್ದು ಕಂಡಿತು. 2007ರಲ್ಲಿ ಆ ವರದಿ ಬಂದ ಮೇಲೆ, 2010ರಿಂದ ಯೂರೋಪಿನಲ್ಲಿ ಈ ಬಣ್ಣಗಳಿರುವ ಪೊಟ್ಟಣದ ಮೇಲೆ ಎಚ್ಚರಿಕೆಯ ಸಾಲು ಕಡ್ಡಾಯವಾಯಿತು.

ಅಂಗಡಿಯ ಪೊಟ್ಟಣವನ್ನಾದರೂ ತಿರುಗಿಸಿ ಓದಬಹುದು. 102 ಎಂದಿದ್ದರೆ ಟಾರ್ಟ್ರಾಜಿನ್, 110 ಸನ್‌ಸೆಟ್ ಯೆಲ್ಲೊ, 122 ಕಾರ್ಮೊಯಿಸಿನ್. ಗೋಬಿಯ ತಟ್ಟೆಗೆ ಇಂಥ ಚೀಟಿ ಇಲ್ಲ. ಕೈಗೆ, ಕಾಗದಕ್ಕೆ ಅಂಟುವ ಕಡುಗೆಂಪು ಅನುಮಾನ ಹುಟ್ಟಿಸಬಹುದು. ಆದರೆ ಯಾವ ಬಣ್ಣವೆಂದು ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ.

ಹಾಗೆಂದು ವ್ಯಾಪಾರಿಯೊಬ್ಬನನ್ನೇ ದೂರಿ ಫಲವಿಲ್ಲ. ಬಣ್ಣ ಕಡಿಮೆಯಾದರೆ ರುಚಿಯೂ ಕಡಿಮೆ ಎಂದು ಗಿರಾಕಿಯ ಕಣ್ಣು ತೀರ್ಮಾನಿಸಿಬಿಡುತ್ತದೆ. ಆತ ಆ ಕಣ್ಣಿಗೆ ಬಡಿಸುತ್ತಾನೆ. ವಿಪರ್ಯಾಸವೆಂದರೆ, ಖಾರ ಕಡಿಮೆ, ಕೆಂಪು ಹೆಚ್ಚು ಎಂದೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನಾಡು ನಮ್ಮದು. ಅದರ ಪುಡಿಗೆ ಬೆಲೆ ಹೆಚ್ಚು, ಕೆಂಪೂ ಇಷ್ಟು ಢಾಳಾಗಿ ಹೊಳೆಯುವುದಿಲ್ಲ.

ಮಕ್ಕಳಿಗೆ ಗೋಬಿಯೇ ಬೇಡವೆಂದು ಗದರಿದರೆ ಅವರು ಕದ್ದು ತಿಂದಾರು. ಅದರ ಬದಲು ರಜೆಯ ದಿನ ಬ್ಯಾಡಗಿ ಪುಡಿ ಹಾಕಿ ಮನೆಯಲ್ಲೇ ಮಾಡಿ, ಗೋಬಿಯ ನಿಜವಾದ ಬಣ್ಣ ಯಾವುದೆಂದು ತೋರಿಸಬಹುದು. ವಿದ್ಯಾರ್ಥಿಗಳೂ ಗಾಡಿಯ ಮುಂದೆ ನಿಂತು, ‘ಅಣ್ಣಾ, ಬಣ್ಣ ಹಾಕದೆ ಕೊಡಿ’ ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು. ಹತ್ತು ಜನ ಹಾಗೆ ಕೇಳಿದರೆ ಹನ್ನೊಂದನೆಯವನಿಗೂ ಬಣ್ಣವಿಲ್ಲದ ಗೋಬಿಯೇ ಸಿಕ್ಕೀತು.