ರೋಣದ ಮೇಲಿನ ಆಕಾಶದಲ್ಲಿ ಯಾರು ಮಾತನಾಡುತ್ತಾರೆ?

ಸಂಜೆಯ ಹೊತ್ತು ರೋಣದ ಎರೆಹೊಲದ ಬದುವಿನ ಮೇಲೆ ನಿಂತು ತಲೆಯೆತ್ತಿದರೆ, ವಾಯವ್ಯದ ಕಡೆಗೆ ಬೆಳ್ಳಿಗೆರೆಯನ್ನೆಳೆಯುತ್ತ ಸಾಗುವ ವಿಮಾನ ಕಣ್ಣಿಗೆ ಬೀಳುವುದುಂಟು. ಇದಕ್ಕೆ ಕಾರಣವಿದೆ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಮುಂಬಯಿಯ ನಿಲ್ದಾಣಕ್ಕೆ ನಕ್ಷೆಯಲ್ಲಿ ನೇರವಾದ ಗೆರೆಯನ್ನೆಳೆದು ನೋಡಿರಿ. ಅದು ನರಗುಂದಕ್ಕೂ ಗಜೇಂದ್ರಗಡಕ್ಕೂ ನಡುವೆ, ರೋಣದ ಮಗ್ಗುಲಲ್ಲಿಯೇ ಹಾದುಹೋಗುತ್ತದೆ.

“ಸರ, ಅದರಾಗಿನವರು ಈಗ ಯಾರ ಕೂಡ ಮಾತಾಡಾಕತ್ತಾರ? ನಾವು ಅದನ್ನ ಕೇಳಬಹುದೇನ್ರಿ?” ಎಂದು ವಿದ್ಯಾರ್ಥಿಯೊಬ್ಬನು ನನ್ನನ್ನು ಪ್ರಶ್ನಿಸಿದನು. ಇಲ್ಲಿರುವುದು ಒಂದಲ್ಲ, ಎರಡು ಪ್ರಶ್ನೆಗಳು. ‘ಕೇಳಿಸೀತೆ?’ ಎಂಬುದಕ್ಕೆ ಭೌತಶಾಸ್ತ್ರವು ಉತ್ತರ ಕೊಡಬೇಕು, ‘ಕೇಳಬಹುದೆ?’ ಎಂಬುದಕ್ಕೆ ಕಾಯಿದೆಯು ಉತ್ತರ ಕೊಡಬೇಕು.

ಮೊದಲು ಭೌತಶಾಸ್ತ್ರ. 1932ರ ಅಕ್ಟೋಬರಿನಲ್ಲಿ ನೆವಿಲ್ ವಿನ್ಸೆಂಟನು ಟಾಟಾ ಸಂಸ್ಥೆಯ ಪುಟ್ಟ ವಿಮಾನದಲ್ಲಿ ಅಂಚೆಯನ್ನು ಹೇರಿಕೊಂಡು ಮುಂಬಯಿಯಿಂದ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಹಾರಿದಾಗ, ಆತನ ಬಳಿ ರೇಡಿಯೋ ಇರಲಿಲ್ಲ. ಇಂದಿನ ವೈಮಾನಿಕನಾದರೋ ಹೊರಟ ಗಳಿಗೆಯಿಂದ ಇಳಿಯುವವರೆಗೆ ನೆಲದ ನಿಯಂತ್ರಣಾಧಿಕಾರಿಗಳ ಮಾತನ್ನು ಆಲಿಸುತ್ತಲೇ ಇರಬೇಕು. ಈ ಸಂಭಾಷಣೆಗೆಂದು ಮೀಸಲಾಗಿರುವುದು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿ. ಎಂದರೆ ಸೆಕೆಂಡಿಗೆ ಹತ್ತಾರು ಕೋಟಿ ಸಲ ಕಂಪಿಸುವ, ಎರಡೂವರೆ ಮೀಟರಿನಷ್ಟು ಉದ್ದದ ಅಲೆಗಳು.

ತಲೆಮಾರುಗಳಿಂದ ನಮ್ಮ ಮನೆಗಳಲ್ಲಿ ಕೇಳಿಸಿದ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸಿನ ಅಲೆಯ ಉದ್ದ 392 ಮೀಟರು. ಅಷ್ಟು ಉದ್ದದ ಅಲೆಯು ನೆಲಕ್ಕಂಟಿಕೊಂಡು ಭೂಮಿಯ ಬಾಗಿಗೆ ತಾನೂ ಬಾಗಿ ಬರುತ್ತದೆ. ವಿಮಾನದ ಗಿಡ್ಡ ಅಲೆಗಳಿಗೆ ಆ ಗುಣವಿಲ್ಲ. ಅವು ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿ ಚಲಿಸುತ್ತವೆ. ಮೇಲಕ್ಕೆ ಹೋದಂತೆ ಗಾಳಿಯು ತೆಳುವಾಗುವುದರಿಂದ ಕೊಂಚ ಮಾತ್ರ ಕೆಳಕ್ಕೆ ಬಾಗುತ್ತವೆ.

ಲೆಕ್ಕ ಸುಲಭವಾದುದು. ಎತ್ತರವನ್ನು ಮೀಟರುಗಳಲ್ಲಿ ಬರೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಲೆಗಳ ದಿಗಂತವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಕಣ್ಣಿನ ದಿಗಂತಕ್ಕೆ ಈ ಸಂಖ್ಯೆ 3.57. ರೋಣದ ಮಾಳಿಗೆಯ ಮೇಲೆ 9 ಮೀಟರು ಎತ್ತರದಲ್ಲಿ ತಂತಿಯನ್ನು ನಿಲ್ಲಿಸಿದರೆ ದಿಗಂತವು 12 ಕಿಲೋಮೀಟರು. ಹುಬ್ಬಳ್ಳಿ ನಿಲ್ದಾಣದ ತಂತಿಯು 25 ಮೀಟರು ಎತ್ತರದಲ್ಲಿದೆಯೆಂದು ಭಾವಿಸೋಣ, ಅದರದು 21. ಎರಡೂ ಕೂಡಿ 33. ಹುಬ್ಬಳ್ಳಿಯೋ ಸುಮಾರು 80 ಕಿಲೋಮೀಟರು ದೂರ! ಆದ್ದರಿಂದ ಅಲ್ಲಿನ ಅಧಿಕಾರಿಯ ದನಿ ಇಲ್ಲಿಗೆ ಮುಟ್ಟದು. ಆದರೆ 10,000 ಮೀಟರು ಎತ್ತರದ ವಿಮಾನದ ದಿಗಂತ 412 ಕಿಲೋಮೀಟರು. ಬೆಂಗಳೂರಿನ ಮೇಲೆಯೋ ಗೋವೆಯ ಮೇಲೆಯೋ ಅಷ್ಟೆತ್ತರದಲ್ಲಿ ಹಾರುವ ವಿಮಾನವೂ ರೋಣದ ತಂತಿಗೆ ಎಟುಕುತ್ತದೆ.

ಹೀಗೆ ನಮಗೆ ಒಂದೇ ಬದಿಯ ಮಾತು ಕೇಳಿಸೀತು. ಅದರಿಂದಲೂ ಅರ್ಥ ಕೆಡುವುದಿಲ್ಲ. ಏಕೆಂದರೆ ನೆಲದಿಂದ ಬಂದ ಆಜ್ಞೆಯನ್ನು ವೈಮಾನಿಕನು ಮರಳಿ ನುಡಿದು ಒಪ್ಪಿಸಬೇಕೆಂಬ ನಿಯಮವಿದೆ.

ಇಂಥ ಮಾತುಗಳನ್ನು ಹುಡುಕುವ ಉಪಕರಣವೇ ಸ್ಕ್ಯಾನರ್. ಗಸ್ತು ತಿರುಗುವ ತಳವಾರನು ಮನೆಮನೆಯ ಬಾಗಿಲಲ್ಲಿ ಕ್ಷಣಕಾಲ ಕಿವಿಗೊಟ್ಟು ಮುಂದೆ ನಡೆಯುವಂತೆ, ಅದು ಒಂದೊಂದು ಕಂಪನಾಂಕದ ಮೇಲೂ ನಿಂತು, ಮೌನವಿದ್ದರೆ ಮುಂದಕ್ಕೆ ಸಾಗುತ್ತದೆ. ದನಿ ಕೇಳಿದೊಡನೆ ಅಲ್ಲಿಯೇ ನಿಲ್ಲುತ್ತದೆ.

ಒಂದೇ ಕಂಪನಾಂಕದಲ್ಲಿ ಇಬ್ಬರು ಒಮ್ಮೆಗೇ ಮಾತನಾಡಿದರೇನಾಗುತ್ತದೆ? ಇಬ್ಬರ ಅಲೆಗಳೂ ಕರಾರುವಾಕ್ಕಾಗಿ ಒಂದೇ ಕಂಪನಾಂಕದವಲ್ಲ. ಶ್ರುತಿಗೂಡದ ತಂಬೂರಿಯ ಎರಡು ತಂತಿಗಳ ನಡುವೆ ವಿಸ್ಪಂದಗಳು ಹುಟ್ಟುವಂತೆ, ಇಲ್ಲಿ ಕೀಚಲು ಸಿಳ್ಳು ಹುಟ್ಟುತ್ತದೆ. 1977ರ ಮಾರ್ಚ್ 27ರಂದು ತೆನೆರೀಫ್ ದ್ವೀಪದಲ್ಲಿ ಮಂಜು ಕವಿದಿದ್ದಾಗ, ತಡೆಯಿರೆಂಬ ಅಧಿಕಾರಿಯ ಮಾತೂ, ತಾವಿನ್ನೂ ಓಡುದಾರಿಯ ಮೇಲಿದ್ದೇವೆಂಬ ಮತ್ತೊಂದು ವಿಮಾನದವರ ಮಾತೂ ಏಕಕಾಲಕ್ಕೆ ಹೊರಟು ಇಂಥ ಸಿಳ್ಳಿನಲ್ಲಿ ಮುಳುಗಿದವು. ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಜನರು ಮಡಿದರು. ಆದರೂ ವಿಮಾನಗಳು ಈ ಪಾರವ್ಯತ್ಯಯದ ಪದ್ಧತಿಯನ್ನು ಬಿಟ್ಟಿಲ್ಲ. ಕಂಪನವ್ಯತ್ಯಯದ ಪದ್ಧತಿಯಲ್ಲಿ ಪ್ರಬಲವಾದ ದನಿಯು ದುರ್ಬಲವಾದುದನ್ನು ಸುಳಿವಿಲ್ಲದಂತೆ ನುಂಗಿಬಿಡುತ್ತದೆ. ಸಿಳ್ಳಾದರೋ, ಮತ್ತೊಬ್ಬನೂ ಮಾತನಾಡಿದನೆಂದು ಎಚ್ಚರಿಸುತ್ತದೆ.

ಇನ್ನು ಎರಡನೆಯ ಪ್ರಶ್ನೆ. ಈ ಮಾತುಗಳಿಗೆ ಗುಪ್ತಲಿಪಿಯ ಮುಸುಕಿಲ್ಲ. ಆದರೆ ಬೀಗವಿಲ್ಲದ ಮನೆಯೆಲ್ಲವೂ ಛತ್ರವಲ್ಲ. ಅಮೆರಿಕದಲ್ಲಿ ಇವನ್ನು ಆಲಿಸಲು ಅಡ್ಡಿಯಿಲ್ಲ. ಬ್ರಿಟನ್ನಿನಲ್ಲಿ ತನಗಲ್ಲದ ಸಂದೇಶವನ್ನು ಆಲಿಸುವುದು ಅಪರಾಧ. ನಮ್ಮಲ್ಲಿ 1933ರ ನಿಸ್ತಂತು ಕಾಯಿದೆಯೇ ಪರವಾನಗಿಯಿಲ್ಲದೆ ಇಂಥ ಯಂತ್ರವನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. 2023ರ ದೂರಸಂಪರ್ಕ ಕಾಯಿದೆಯು ಸಂದೇಶವನ್ನು ಅಕ್ರಮವಾಗಿ ಹಿಡಿಯುವವನಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಹುದೆನ್ನುತ್ತದೆ. ಆದಕಾರಣ ಪೇಟೆಯಿಂದ ಸ್ಕ್ಯಾನರ್ ತಂದು ಮಾಳಿಗೆಯೇರಿರೆಂದು ನಾನು ಯಾವ ವಿದ್ಯಾರ್ಥಿಗೂ ಹೇಳಲಾರೆ.

ಹಾಗೆಂದು ಕುತೂಹಲವನ್ನು ಹೂತುಹಾಕಬೇಕಾಗಿಲ್ಲ. ಹವ್ಯಾಸಿ ರೇಡಿಯೋದ ರಾಜಮಾರ್ಗವಿದೆ. ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಪರವಾನಗಿ ಪಡೆದವರಿಗೆ 144ರಿಂದ 146 ಮೆಗಾಹರ್ಟ್ಸಿನ ಪಟ್ಟಿ ತೆರೆದಿದೆ. ಅದು ವಿಮಾನಗಳ ಪಟ್ಟಿಯ ನೆರೆಮನೆ. ಅಲೆಗಳ ಸ್ವಭಾವವೂ, ದಿಗಂತದ ಲೆಕ್ಕವೂ ಅವೇ. ಅಲ್ಲಿ ಬರಿಯ ಕೇಳುವುದಷ್ಟೇ ಅಲ್ಲ, ಮಾತನಾಡಲೂಬಹುದು. 2025ರ ಜುಲೈ 4ರಂದು, ಸುಮಾರು 400 ಕಿಲೋಮೀಟರು ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದೊಡನೆ ಮಾತನಾಡಿದುದು ಹವ್ಯಾಸಿ ರೇಡಿಯೋದ ಮೂಲಕವೇ.

ಆ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರ ಇಷ್ಟೇ: “ಕೇಳಿಸುತ್ತದೆ, ನಿಜ. ಆದರೆ ಮೊದಲು ಪರವಾನಗಿ ಪಡೆ, ಆಮೇಲೆ ನಿನ್ನದೇ ದನಿಯನ್ನು ಮೇಲಕ್ಕೆ ಕಳುಹಿಸು.” ಅಲ್ಲಿಯವರೆಗೆ, ಬೆಳ್ಳಿಗೆರೆ ಕಂಡಾಗಲೆಲ್ಲ ಅದರ ದಿಗಂತವನ್ನು ಲೆಕ್ಕಹಾಕಲು ಕಾಗದ ಪೆನ್ಸಿಲುಗಳೇ ಸಾಕು; ಅವಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.