ಗಾಜಿನ ಕಡಲಿನ ನೆರೆಹೊರೆ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದಕ್ಕೆ ನಮ್ಮ ಹಿರಿಯರು ‘ಮತ್ಸ್ಯನ್ಯಾಯ’ವೆಂದು ಹೆಸರಿಟ್ಟರು. ಆಳುವವನಿಲ್ಲದ ನಾಡಿನಲ್ಲಿ ಬಲಿಷ್ಠನು ದುರ್ಬಲನನ್ನು ತಿನ್ನುವನೆಂಬುದನ್ನು ತಿಳಿಸಲು ಕೌಟಿಲ್ಯನು ಬಳಸಿದ ಮಾತೂ ಇದೇ. ಆದರೆ ಮೀನುಗಳ ಲೋಕದಲ್ಲಿ ನಡೆಯುವ ನ್ಯಾಯವೆಲ್ಲ ಇಷ್ಟೇ ಎಂದು ನಂಬಿ ಕಡಲ ಮೀನುಗಳನ್ನು ಸಾಕಹೊರಟವನು ಬೇಗನೆ ಮೋಸಹೋಗುತ್ತಾನೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ವಿದ್ಯಾರ್ಥಿಯೊಬ್ಬನು ಗಾಜಿನ ತೊಟ್ಟಿಯೊಂದರಲ್ಲಿ ಉಪ್ಪುನೀರು ತುಂಬಿ, ಒಂದೇ ಸಂಜೆ ಆರು ಬಣ್ಣದ ಮೀನುಗಳನ್ನು ಅಂಗಡಿಯಿಂದ ತಂದು ಬಿಡುತ್ತಾನೆ. ಎಲ್ಲವೂ ಎರಡೆರಡು ಅಂಗುಲದವು. ಯಾವುದರ ಬಾಯಿಗೂ ಇನ್ನೊಂದು ಹಿಡಿಯುವಂತಿಲ್ಲ. ಮೂರನೆಯ ದಿನ ಒಂದು ಮೀನು ಹರಿದ ಈಜುರೆಕ್ಕೆಗಳೊಡನೆ ಮೂಲೆಯಲ್ಲಿ ಅಡಗಿರುತ್ತದೆ. ಐದನೆಯ ದಿನ ಅದು ಸಾಯುತ್ತದೆ. ತಿಂಗಳು ತುಂಬುವ ವೇಳೆಗೆ ತೊಟ್ಟಿಯಲ್ಲಿ ಉಳಿಯುವುದು ಡ್ಯಾಮ್ಸೆಲ್ ಜಾತಿಯ ಒಂದು ಕಡುನೀಲಿ ಮೀನು ಮಾತ್ರ. ಅದು ಯಾರನ್ನೂ ತಿಂದಿಲ್ಲ. ಹಾಗಾದರೆ ಉಳಿದ ಐದೂ ಸತ್ತುದೇಕೆ?

ಉತ್ತರವನ್ನು ತಿಳಿಯಬೇಕಾದರೆ ಮೊದಲು ತೊಟ್ಟಿಯ ಅಳತೆಯನ್ನು ಗಮನಿಸಬೇಕು. ೭೫ ಸೆಂಟಿಮೀಟರ್ ಉದ್ದ, ೪೫ ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ತೊಟ್ಟಿಯು ಸುಮಾರು ೧೫೦ ಲೀಟರ್ ನೀರು ಹಿಡಿಯುವುದು. ಕಲ್ಲು, ಮರಳುಗಳು ಆಕ್ರಮಿಸಿದ ಸ್ಥಳವನ್ನೂ ಮೇಲೆ ಬಿಡುವ ತೆರಪನ್ನೂ ಕಳೆದರೆ ನಿಜವಾಗಿ ಉಳಿಯುವುದು ೧೨೦ ಲೀಟರ್‌ನಷ್ಟೇ. ಲೀಟರಿಗೆ ಸುಮಾರು ೩೫ ಗ್ರಾಂ ಲವಣವಿರುವ, ೨೫ರಿಂದ ೨೭ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಈ ನೀರೇ ಮೀನುಗಳಿಗೆ ಇಡೀ ಕಡಲು. ಮೀನುಗಳು ಕಿವಿರುಗಳ ಮೂಲಕ ಹೊರಬಿಡುವ ಅಮೋನಿಯವೂ ಇದರಲ್ಲಿಯೇ ಸೇರಬೇಕು. ಕಡಲ ನೀರು ತುಸು ಕ್ಷಾರಗುಣವುಳ್ಳದ್ದು. ಕ್ಷಾರಗುಣ ಹೆಚ್ಚಿದಂತೆಲ್ಲ ಅಮೋನಿಯದ ವಿಷಶಕ್ತಿಯೂ ಹೆಚ್ಚುವುದರಿಂದ, ಸಿಹಿನೀರಿನಲ್ಲಿ ಸಹಿಸಬಹುದಾದ ಪ್ರಮಾಣ ಇಲ್ಲಿ ಪ್ರಾಣಾಂತಿಕವಾಗಬಹುದು.

ಈ ವಿಷವನ್ನು ಕಳೆಯುವ ಕೆಲಸಗಾರರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಅವುಗಳ ವಾಸ ರಂಧ್ರಮಯವಾದ ಕಲ್ಲುಗಳ ಮೇಲೆ. ಜಕಾರ್ತದ ಲೀ ಚಿನ್ ಎಂಗ್ ಎಂಬಾತನು ಕಡಲಿನ ಜೀವಂತ ಕಲ್ಲುಗಳನ್ನೂ ಗಾಳಿಯ ಗುಳ್ಳೆಗಳನ್ನೂ ನೆಚ್ಚಿ ಹವಳದ ತೊಟ್ಟಿಗಳನ್ನು ನಡೆಸಿದ ಬಗೆಯನ್ನು ೧೯೬೧ರಲ್ಲಿ ಪ್ರಕಟಿಸಿದನು. ಇಂದಿನ ಹವ್ಯಾಸಿಗಳು ಕಲ್ಲಿಗೆ ಕೊಡುವ ಪ್ರಾಮುಖ್ಯವನ್ನು ಅಲ್ಲಿಯೇ ಕಾಣಬಹುದು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಯೂರಲು ನಾಲ್ಕರಿಂದ ಆರು ವಾರಗಳಾದರೂ ಬೇಕು. ಅಮೋನಿಯ, ನೈಟ್ರೈಟ್‌ಗಳೆರಡೂ ಪರೀಕ್ಷೆಯಲ್ಲಿ ಸೊನ್ನೆಗೆ ಇಳಿಯುವವರೆಗೆ ಒಂದು ಮೀನನ್ನೂ ಬಿಡಕೂಡದು. ಅನಂತರವೂ ನಮ್ಮ ಅಳತೆಯ ತೊಟ್ಟಿಗೆ ನಾಲ್ಕೈದು ಸಣ್ಣ ಮೀನುಗಳಿಗಿಂತ ಹೆಚ್ಚು ಸಲ್ಲದು. ಆರು ಮೀನುಗಳನ್ನು ಒಂದೇ ಸಂಜೆ ತಂದ ನಮ್ಮ ವಿದ್ಯಾರ್ಥಿಯು ಮಾಡಿದ ಮೊದಲ ತಪ್ಪು ಇದು.

ಎರಡನೆಯ ತಪ್ಪು ಆಯ್ಕೆಯಲ್ಲಿತ್ತು. ಮೀನಿನ ಬಣ್ಣವನ್ನು ಮೆಚ್ಚುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಇದು ಬೆಳೆದ ಮೇಲೆ ಎಷ್ಟು ದೊಡ್ಡದಾಗುವುದು? ಕಡಲಿನಲ್ಲಿ ಎಷ್ಟು ಸ್ಥಳವನ್ನು ತನ್ನದೆಂದು ಹೇಳಿಕೊಳ್ಳುವುದು? ಏನನ್ನು ತಿನ್ನುವುದು?

ಮೊದಲನೆಯ ಪ್ರಶ್ನೆಗೆ ಅಂಗಡಿಯ ತೊಟ್ಟಿ ಉತ್ತರ ಕೊಡದು. ಅಲ್ಲಿ ನಾಣ್ಯದಗಲ ಕಾಣುವ ಬ್ಲೂ ಟ್ಯಾಂಗ್ ಎಂಬ ನೀಲಿ ಮೀನು ಮುಂದೆ ೩೦ ಸೆಂಟಿಮೀಟರ್ ಉದ್ದ ಬೆಳೆಯಬಲ್ಲದು. ದಿಬ್ಬದ ಉದ್ದಕ್ಕೂ ಈಜಾಡುವ ಅದಕ್ಕೆ ನಮ್ಮ ತೊಟ್ಟಿಯು ಸೆರೆಮನೆಯೇ ಸರಿ. ಗರಿಗಳಂತಹ ರೆಕ್ಕೆಗಳನ್ನು ಬಿಚ್ಚಿ ತೇಲುವ ಸಿಂಹಮೀನು ನೋಡಲು ಸಾಧುವಾದರೂ ತನ್ನ ಬಾಯಿಗೆ ಹಿಡಿಯುವ ನೆರೆಯವರನ್ನೆಲ್ಲ ನುಂಗುವುದು. ಮತ್ಸ್ಯನ್ಯಾಯವು ನಿಜವಾಗಿ ಅನ್ವಯಿಸುವುದು ಇಂಥಲ್ಲಿ.

ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಆಸ್ಟ್ರಿಯದ ಪ್ರಾಣಿಶಾಸ್ತ್ರಜ್ಞ ಕೊನ್ರಾಡ್ ಲೊರೆಂಟ್ಸ್ ಹವಳದ ಮೀನುಗಳನ್ನು ಫ್ಲಾರಿಡದ ಕಡಲಿನಲ್ಲಿಯೂ ತನ್ನ ತೊಟ್ಟಿಗಳಲ್ಲಿಯೂ ಕಾದು ನೋಡಿದನು. ಅವು ಬೇರೆ ಜಾತಿಯ ಮೀನುಗಳನ್ನು ಬಹುಮಟ್ಟಿಗೆ ಉಪೇಕ್ಷಿಸಿ, ತಮ್ಮದೇ ಜಾತಿಯವನ್ನು ಕಂಡೊಡನೆ ಮೇಲೆ ಬೀಳುವುದನ್ನು ಗಮನಿಸಿದನು. ೧೯೬೩ರಲ್ಲಿ ಪ್ರಕಟವಾದ ಆಕ್ರಮಣವನ್ನು ಕುರಿತ ತನ್ನ ಗ್ರಂಥವನ್ನು ಈ ಮೀನುಗಳಿಂದಲೇ ಆತ ಆರಂಭಿಸಿದನು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ ೧೯೭೩ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದವನು ಈತನೇ. ಅವನು ಕೊಟ್ಟ ವಿವರಣೆ ಸರಳವಾದದ್ದು: ಒಂದೇ ಜಾತಿಯ ಎರಡು ಮೀನುಗಳಿಗೆ ಬೇಕಾದ ಆಹಾರವೂ ಒಂದೇ, ಬಿರುಕೂ ಒಂದೇ, ಸಂಗಾತಿಯೂ ಒಂದೇ. ಆದ್ದರಿಂದ ನೆರೆಯವನು ತನ್ನನ್ನು ಹೆಚ್ಚು ಹೋಲಿದಷ್ಟೂ ಹೆಚ್ಚಿನ ಪ್ರತಿಸ್ಪರ್ಧಿ. ಭಿತ್ತಿಪತ್ರದಂತಹ ಗಾಢವಾದ ಬಣ್ಣಗಳು ‘ಈ ಸ್ಥಳ ನನ್ನದು’ ಎಂದು ಸಾರುವ ಬಾವುಟಗಳೆಂದೂ ಲೊರೆಂಟ್ಸ್ ಊಹಿಸಿದನು. ಬಣ್ಣದ ಮಾತು ಎಲ್ಲ ಜಾತಿಗಳಿಗೂ ಹೊಂದದಾದರೂ ಹೋಲಿಕೆಯ ಮಾತು ತೊಟ್ಟಿಯನ್ನಿಡುವವರ ಅನುಭವಕ್ಕೆ ಚೆನ್ನಾಗಿ ಹೊಂದುವುದು.

ಕಡಲಿನಲ್ಲಿ ಈ ಜಗಳ ಬೇಗ ಮುಗಿಯುತ್ತದೆ. ಸೋತ ಮೀನು ಕೆಲವು ಮಾರು ದೂರ ಓಡಿದರೆ ಗೆದ್ದದ್ದು ಹಿಂದಿರುಗುವುದು. ತೊಟ್ಟಿಯಲ್ಲಿ ಓಡಲು ಸ್ಥಳವೆಲ್ಲಿ? ಸೋತದ್ದು ಎತ್ತ ತಿರುಗಿದರೂ ಗೆದ್ದದ್ದರ ಕಣ್ಣೆದುರಿಗೇ ಇರುತ್ತದೆ. ಗಡಿಯನ್ನು ಬಿಟ್ಟು ಹೋಗದ ಅಪರಾಧಕ್ಕಾಗಿ ಅದಕ್ಕೆ ಮತ್ತೆ ಮತ್ತೆ ಶಿಕ್ಷೆಯಾಗುತ್ತದೆ. ಆಹಾರಕ್ಕೆ ಬರಲು ಧೈರ್ಯವಿಲ್ಲದೆ ಅದು ಸೊರಗುವುದು. ಸೊರಗಿದ ದೇಹಕ್ಕೆ ರೋಗ ಹತ್ತುವುದು. ಐದು ಮೀನುಗಳೂ ಸತ್ತುದು ಹೀಗೆ. ಡ್ಯಾಮ್ಸೆಲ್ ಮೀನು ದುಷ್ಟವಾದುದೆಂದು ಹೇಳಲಾಗದು; ಕಡಲಿನಲ್ಲಿ ಅದನ್ನು ಬದುಕಿಸಿದ ಗುಣವೇ ಗಾಜಿನೊಳಗೆ ಇತರರನ್ನು ಕೊಂದಿತು.

ಒಂದೇ ಒರೆಯಲ್ಲಿ ಎರಡು ಕತ್ತಿಗಳಿರಲಾರವೆಂಬ ಗಾದೆ ಇಲ್ಲಿಗೆ ಸಲ್ಲುವುದು. ಆದರೆ ಯಾವುದು ಕತ್ತಿಯೆಂಬುದನ್ನು ರೂಪದಿಂದಲೇ ತಿಳಿಯಲಾಗದು. ಅಟ್ಲಾಂಟಿಕ್ ಪ್ರದೇಶದ ರಾಯಲ್ ಗ್ರಾಮ ಎಂಬ ಮೀನಿನ ಮುಂಭಾಗ ನೇರಳೆ, ಹಿಂಭಾಗ ಹಳದಿ. ಪೆಸಿಫಿಕ್ ಪ್ರದೇಶದ ರಾಯಲ್ ಡಾಟಿಬ್ಯಾಕ್ ಎಂಬುದೂ ಅದೇ ಎರಡು ಬಣ್ಣಗಳನ್ನು ತೊಟ್ಟಿದೆ. ಮೊದಲನೆಯದು ತನ್ನ ಬಿರುಕನ್ನು ಕಾಯ್ದುಕೊಂಡು ಸಾಮಾನ್ಯವಾಗಿ ಸೌಮ್ಯವಾಗಿರುವುದು. ಎರಡನೆಯದು ಸಣ್ಣ ತೊಟ್ಟಿಯನ್ನೆಲ್ಲ ತನ್ನ ವಶಮಾಡಿಕೊಳ್ಳಬಲ್ಲದು. ಆದುದರಿಂದ ಮೀನಿನ ಜಾತಿಯನ್ನು ಖಚಿತವಾಗಿ ತಿಳಿಯದೆ ಕೊಳ್ಳಬಾರದು.

ಹಾಗಾದರೆ ಹೊಂದಿ ಬಾಳುವವು ಯಾವುವು? ಕಡಲಿನಲ್ಲಿಯೂ ಚಿಕ್ಕ ಸ್ಥಳದಲ್ಲಿಯೇ ತೃಪ್ತವಾಗಿರುವವು, ಮತ್ತು ಒಂದು ಬಯಸಿದ ಸ್ಥಳವನ್ನು ಇನ್ನೊಂದು ಬಯಸದಂಥವು. ಮೂರು ಅಂತಸ್ತಿನ ಮನೆಗೆ ಬಾಡಿಗೆದಾರರನ್ನು ಹುಡುಕುವಂತೆ, ತಳಕ್ಕೆ ಒಬ್ಬರು, ಕಲ್ಲಿನ ಸಮೀಪಕ್ಕೆ ಒಬ್ಬರು, ನಡುನೀರಿಗೆ ಒಬ್ಬರು ಎಂದು ಆರಿಸಬೇಕು.

ತಳಕ್ಕೆ ಹಳದಿ ಬಣ್ಣದ ಕಾವಲುಗಾರ ಗೋಬಿ ತಕ್ಕುದು. ಇದು ಪಿಸ್ತೂಲು ಸಿಗಡಿಯೊಡನೆ ಒಂದೇ ಬಿಲದಲ್ಲಿ ಬಾಳುತ್ತದೆ. ಸಿಗಡಿಯ ದೃಷ್ಟಿ ಮಂದ, ಆದರೆ ತೋಡುವುದರಲ್ಲಿ ಅದು ನಿಪುಣ. ಗೋಬಿಗೆ ತೋಡಲು ಬಾರದು, ಕಣ್ಣು ಚುರುಕು. ಸಿಗಡಿಯು ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಹೊರಬರುತ್ತದೆ. ಅಪಾಯ ಕಂಡರೆ ಮೀನು ಬಾಲವನ್ನು ಅದುರಿಸುತ್ತದೆ. ಎರಡೂ ಬಿಲ ಸೇರುತ್ತವೆ. ಇವು ಒಟ್ಟಿಗೆ ಬಾಳಲು ಸಾಧ್ಯವಾದುದು ಇವುಗಳ ಅಗತ್ಯಗಳು ಬೇರೆಬೇರೆಯಾಗಿರುವುದರಿಂದ ಎಂಬುದನ್ನು ಗಮನಿಸಿ.

ಕಲ್ಲಿನ ಸಮೀಪಕ್ಕೆ ಒಂದು ಬೆಂಕಿಮೀನು. ಹಿಂಬದಿ ಕೆಂಡದ ಬಣ್ಣದ ಈ ಮೀನು ತನ್ನ ಬಿಲದ ಮೇಲೆ ನೀರಿನಲ್ಲಿ ನಿಂತು, ತೇಲಿಬರುವ ಸೂಕ್ಷ್ಮ ಜೀವಿಗಳನ್ನು ಹಿಡಿಯುತ್ತದೆ. ಅತಿ ಅಂಜುಬುರುಕ, ಹೆದರಿದರೆ ನೀರಿನಿಂದ ಹೊರಕ್ಕೆ ನೆಗೆಯುವುದೂ ಉಂಟು. ಆದ್ದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಅಗತ್ಯ.

ನಡುನೀರಿಗೆ ಎರಡು ಕ್ಲೌನ್ ಮೀನುಗಳು. ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟೆಗಳಿರುವ ಈ ಮೀನು ಕಡಲಿನಲ್ಲಿ ಸೀ ಅನೆಮೊನಿ ಎಂಬ ಕಡಲ ಹೂವಿನ ಕುಟುಕುವ ಎಸಳುಗಳ ನಡುವೆ ವಾಸಿಸುವುದು. ಅದರ ಇಡೀ ಪ್ರಪಂಚವೇ ಒಂದು ಹೂವಿನ ಸುತ್ತಳತೆ. ಸಣ್ಣ ತೊಟ್ಟಿಗೆ ಅದು ಒಗ್ಗುವುದರ ಗುಟ್ಟೂ ಇದೇ. ತೊಟ್ಟಿಯಲ್ಲಿ ಹೂವಿಲ್ಲದಿದ್ದರೂ ಒಂದು ಮೂಲೆಯನ್ನು ಆರಿಸಿಕೊಂಡು ನೆಮ್ಮದಿಯಾಗಿರಬಲ್ಲದು. ಆದರೆ ಎರಡು ಎಂದರೆ ಯಾವ ಎರಡು? ಈ ಜಾತಿಯಲ್ಲಿ ಗುಂಪಿನ ಅತಿ ದೊಡ್ಡ ಮೀನು ಹೆಣ್ಣು, ಎರಡನೆಯದು ಗಂಡು, ಉಳಿದವು ಬಲಿಯದವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಟ್ಟು, ಬಲಿಯದವುಗಳಲ್ಲಿ ದೊಡ್ಡದು ಗಂಡಾಗುವುದು. ಈ ಸೋಜಿಗವನ್ನು ಹಾನ್ಸ್ ಮತ್ತು ಸಿಮೋನ್ ಫ್ರಿಕೆ ಅವರು ೧೯೭೭ರಲ್ಲಿ ವಿವರಿಸಿದರು. ಹೆಣ್ಣು ಮತ್ತೆ ಗಂಡಾಗಲಾರದು. ಆದ್ದರಿಂದ ಎರಡು ದೊಡ್ಡ ಮೀನುಗಳನ್ನು ತಂದು ಬಿಟ್ಟರೆ ಎರಡೂ ಹೆಣ್ಣಾಗಿದ್ದು ಸಾಯುವವರೆಗೆ ಕಾದಾಡಬಹುದು. ಎಳೆಯವೆರಡನ್ನು, ಒಂದು ತುಸು ದೊಡ್ಡದು ಇನ್ನೊಂದು ತುಸು ಚಿಕ್ಕದಾಗಿರುವಂತೆ, ಆರಿಸಿದರೆ ಅವೇ ಕಾಲಕ್ರಮದಲ್ಲಿ ದಂಪತಿಗಳಾಗುವುವು.

ಇನ್ನು ಮೂರನೆಯ ಪ್ರಶ್ನೆ, ಆಹಾರ. ಹಸಿರು, ನೀಲಿ, ಕಿತ್ತಳೆ ಬಣ್ಣಗಳ ಸುರುಳಿಗಳಿಂದ ಕಣ್ಣು ಸೆಳೆಯುವ ಮ್ಯಾಂಡರಿನ್ ಮೀನು ಯಾರೊಡನೆಯೂ ಜಗಳವಾಡದು. ಆದರೆ ದಿನವಿಡೀ ಕಲ್ಲಿನ ಮೇಲಿನ ಸಣ್ಣ ಕಠಿನಚರ್ಮಿಗಳನ್ನು ಹೆಕ್ಕುವ ಅದಕ್ಕೆ ೧೨೦ ಲೀಟರಿನ ಹೊಸ ತೊಟ್ಟಿಯಲ್ಲಿ ಕೆಲವೇ ವಾರಗಳಲ್ಲಿ ಉಣಿಸು ಮುಗಿದುಹೋಗುವುದು. ಚಿಟ್ಟೆಮೀನುಗಳಲ್ಲಿ ಅನೇಕವು ಹವಳವನ್ನೇ ತಿನ್ನುವವು. ಇತರ ಮೀನುಗಳ ಮೈಯ ಪರೋಪಜೀವಿಗಳನ್ನು ಕಿತ್ತು ತಿನ್ನುವ ಕ್ಲೀನರ್ ರಾಸ್ ಮೀನಿಗೆ ನಾಲ್ಕು ನೆರೆಯವರಿಂದ ಹೊಟ್ಟೆ ತುಂಬದು. ಸಾಧುವಾದುದೆಲ್ಲ ಹೊಂದುವುದೆಂದು ಭಾವಿಸುವಂತಿಲ್ಲ. ನೆರೆಯವರೊಡನೆ ಮಾತ್ರವಲ್ಲ, ತೊಟ್ಟಿಯೊಡನೆಯೂ ಅದು ಹೊಂದಬೇಕು.

ಆರಿಸಿದ ಮೇಲೆ ಬಿಡುವ ಕ್ರಮವೂ ಮುಖ್ಯ. ಮೊದಲು ಬಂದವನೇ ಮನೆಯ ಯಜಮಾನನೆಂಬ ಭಾವ ಮೀನುಗಳಲ್ಲಿಯೂ ಉಂಟು. ಆದ್ದರಿಂದ ಅಂಜುಬುರುಕವಾದ ಬೆಂಕಿಮೀನು ಮೊದಲು, ಅನಂತರ ಗೋಬಿ, ಕೊನೆಗೆ ಕ್ಲೌನ್ ಮೀನುಗಳು. ನಡುವೆ ಎರಡು ಮೂರು ವಾರಗಳ ಅಂತರ. ಹೊಸಬರು ಬರುವ ದಿನ ಕೆಲವು ಕಲ್ಲುಗಳ ಜಾಗ ಬದಲಿಸಿದರೆ ಹಳೆಯ ಗಡಿಗಳು ಅಳಿಸಿ, ಎಲ್ಲರೂ ಹೊಸಬರಾಗುತ್ತಾರೆ.

ಪ್ರತಿಯೊಂದು ಮೀನನ್ನೂ ಮೊದಲು ನಾಲ್ಕರಿಂದ ಆರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಬೇಕು. ಬಿಳಿಚುಕ್ಕೆ ರೋಗವನ್ನು ತರುವ ಕ್ರಿಪ್ಟೊಕಾರಿಯಾನ್ ಎಂಬ ಏಕಕೋಶಜೀವಿ ಮೀನಿನ ಮೈಯಿಂದ ಕಳಚಿ ತಳಕ್ಕಿಳಿದು, ಒಡೆದು ನೂರಾರಾಗುತ್ತದೆ. ವಿಶಾಲವಾದ ಕಡಲಿನಲ್ಲಿ ಅವು ಚದುರಿಹೋಗುವುವು. ತೊಟ್ಟಿಯಲ್ಲಿ ಅದೇ ಮೀನುಗಳಿಗೆ ತಿರುಗಿ ಮುತ್ತುವುವು.

ಕೊನೆಯದಾಗಿ, ಮೀನು ಬಂದುದು ಎಲ್ಲಿಂದ ಎಂಬುದನ್ನೂ ಕೇಳಬೇಕು. ಫಿಲಿಪೀನ್ಸಿನಲ್ಲಿ ೧೯೬೦ರ ದಶಕದಿಂದ ಹವಳದ ಬಿರುಕುಗಳಿಗೆ ಸಯನೈಡ್ ದ್ರಾವಣವನ್ನು ಚಿಮ್ಮಿ ಮೀನುಗಳನ್ನು ಮರವಳಿಸಿ ಹಿಡಿಯುವ ದುಷ್ಪದ್ಧತಿ ಹರಡಿತು. ಅದರಿಂದ ಮೀನೂ ಹವಳವೂ ಹಾಳಾದುವು. ಇಂಡೊನೇಷ್ಯದ ಬಂಗ್ಗಾಯಿ ದ್ವೀಪಗಳಿಗೆ ಸೀಮಿತವಾದ ಬಂಗ್ಗಾಯಿ ಕಾರ್ಡಿನಲ್ ಮೀನು ಅಲಂಕಾರ ಮೀನಿನ ವ್ಯಾಪಾರದಿಂದಾಗಿ ೨೦೦೭ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಇದಕ್ಕೆ ಪರಿಹಾರವೂ ಇದೆ. ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ಮರಿಮಾಡಿಸುವ ವಿಧಾನಗಳನ್ನು ರೂಪಿಸಿದೆ. ತೊಟ್ಟಿಯಲ್ಲಿಯೇ ಹುಟ್ಟಿದ ಮೀನು ಒಣ ಆಹಾರಕ್ಕೂ ಗಾಜಿನ ಗೋಡೆಗೂ ಒಗ್ಗಿರುವುದರಿಂದ ಬದುಕುವ ಸಂಭವವೂ ಹೆಚ್ಚು. ಕಲ್ಲಿನ ವಿಷಯದಲ್ಲಿಯೂ ಎಚ್ಚರ ಬೇಕು. ದಿಬ್ಬ ಕಟ್ಟುವ ಹವಳಗಳು ೨೦೦೧ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಕಡಲಿನಿಂದ ಅವನ್ನು ಕೀಳುವುದು ಅಪರಾಧ. ಕೃತಕವಾಗಿ ತಯಾರಿಸಿದ ರಂಧ್ರಮಯ ಕಲ್ಲಿನ ಮೇಲೆಯೂ ಬ್ಯಾಕ್ಟೀರಿಯಗಳು ಚೆನ್ನಾಗಿಯೇ ನೆಲೆಸುತ್ತವೆ.

ಮುರುಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳೂ ಅವನ್ನಾಶ್ರಯಿಸಿದ ಬಣ್ಣದ ಮೀನುಗಳೂ ಇವೆ. ಅಲ್ಲಿ ಪ್ರತಿಯೊಂದು ಮೀನೂ ತನ್ನ ನೆರೆಯನ್ನು ತಾನೇ ಆರಿಸಿಕೊಳ್ಳುತ್ತದೆ, ಹಿಡಿಸದಿದ್ದರೆ ಬಿಟ್ಟುಹೋಗುತ್ತದೆ. ನಮ್ಮ ತೊಟ್ಟಿಯೊಳಗಿನ ಮೀನಿಗೆ ಆ ಸ್ವಾತಂತ್ರ್ಯವಿಲ್ಲ. ಅದರ ಪರವಾಗಿ ನೆರೆಹೊರೆಯನ್ನು ಆರಿಸುವ ಹೊಣೆ ನಮ್ಮದು. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಕಾಗದದ ಮೇಲೆ ತೊಟ್ಟಿಯ ಚಿತ್ರವನ್ನು ಬರೆದು, ಯಾವ ಮೀನಿಗೆ ಯಾವ ಸ್ಥಳವೆಂದು ಗುರುತು ಮಾಡಿರಿ. ಗುರುತು ಹಾಕಲು ಸ್ಥಳ ಸಿಕ್ಕದ ಮೀನನ್ನು, ಅದೆಷ್ಟೇ ಸುಂದರವಾಗಿರಲಿ, ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.