ಉಣ್ಣೆ ಹೊದ್ದ ಹೂವು



ಕವಿಗಳು ಹೊಗಳಿದ ಹೂಗಳು ನಮಗೆ ಹಲವಾರು ಗೊತ್ತು. ಹೊಗಳಿಕೆಯೇ ಮುಳುವಾದ ಹೂವೊಂದರ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ಅದರ ಹೆಸರು ಎಡೆಲ್‌ವೈಸ್. ಜರ್ಮನ್ ಭಾಷೆಯಲ್ಲಿ 'ಎಡೆಲ್' ಎಂದರೆ ಉದಾತ್ತ, 'ವೈಸ್' ಎಂದರೆ ಬಿಳಿ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ, ಸುಮಾರು 1,800ರಿಂದ 3,000 ಮೀಟರ್ ಎತ್ತರದಲ್ಲಿ, ಸುಣ್ಣಕಲ್ಲಿನ ನೆಲವನ್ನು ಮೆಚ್ಚಿ ಬೆಳೆಯುವ ಪುಟ್ಟ ಗಿಡವಿದು. ನಮ್ಮ ಹಿಮಾಲಯದಲ್ಲಿಯೂ ಇದರ ದಾಯಾದಿಗಳುಂಟು.

ಈ ಹೂವಿನ ಚೆಲುವಿನಲ್ಲಿ ಒಂದು ಸೋಜಿಗವಿದೆ. ನಾವು ಎಸಳುಗಳೆಂದು ಭ್ರಮಿಸುವ ಬಿಳಿಯ ಭಾಗಗಳು ವಾಸ್ತವವಾಗಿ ನವಿರಾದ ರೋಮ ಮುಸುಕಿದ ಎಲೆಗಳು. ನಿಜವಾದ ಹೂಗಳು ನಡುವೆ ಸಣ್ಣ ಹಳದಿ ಗುಂಡಿಗಳಂತೆ ಒತ್ತಾಗಿ ಕುಳಿತಿರುತ್ತವೆ. ಸೇವಂತಿಗೆ, ಸೂರ್ಯಕಾಂತಿಗಳೂ ಇದೇ ವಂಶದವು. ರೋಮದ ಈ ಹೊದಿಕೆ ಅಲಂಕಾರಕ್ಕಾಗಿ ಬಂದದ್ದಲ್ಲ. ಬೀಸುಗಾಳಿಗೆ ಗಿಡದ ತೇವ ಆರಿಹೋಗದಂತೆ ಅದು ತಡೆಯುತ್ತದೆ. ಆ ಎತ್ತರದಲ್ಲಿ ಬಿಸಿಲಿನ ನೇರಳಾತೀತ ಕಿರಣಗಳು ಬಲು ತೀಕ್ಷ್ಣ. ರೋಮಗಳ ಸೂಕ್ಷ್ಮ ರಚನೆ ಆ ಕಿರಣಗಳನ್ನು ಹೀರಿಕೊಂಡು, ಎಲೆಗೆ ಬೇಕಾದ ಬೆಳಕನ್ನು ಮಾತ್ರ ಒಳಬಿಡುತ್ತದೆಯೆಂದು 2005ರಲ್ಲಿ ಪ್ರಕಟವಾದ ಭೌತವಿಜ್ಞಾನಿಗಳ ಅಧ್ಯಯನವೊಂದು ತೋರಿಸಿತು. ನಾವು ಸೌಂದರ್ಯವೆಂದು ಕೊಂಡಾಡುವುದು ಗಿಡದ ಪಾಲಿಗೆ ಪ್ರಾಣರಕ್ಷೆಯ ಕವಚ.

ಬೆಟ್ಟದ ಜನ ಈ ಹೂವನ್ನು ಹಾಲು, ಜೇನಿನೊಡನೆ ಕುದಿಸಿ ಹೊಟ್ಟೆನೋವಿಗೆ ಮದ್ದಾಗಿ ಕುಡಿಯುತ್ತಿದ್ದರು, ಅತಿಸಾರಕ್ಕೂ ಬಳಸುತ್ತಿದ್ದರು. ಆದರೆ ಗಿಡಕ್ಕೆ ಕುತ್ತು ತಂದದ್ದು ಈ ಮನೆಮದ್ದಲ್ಲ, ಕೀರ್ತಿ. ಕಡಿದಾದ ಬಂಡೆಯನ್ನೇರಿ ಈ ಹೂವನ್ನು ತಂದು ನಲ್ಲೆಗಿತ್ತವನೇ ಧೀರನೆಂಬ ಕವಿಸಮಯ ಹಬ್ಬಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರವಾಸಿಗಳು ಹೆಚ್ಚಿದಂತೆ ಹೂವು ಮಾರಾಟದ ಸರಕಾಯಿತು. ಬೇರುಸಹಿತ ಕೀಳುವವರೂ ಹುಟ್ಟಿಕೊಂಡರು. ಕೊನೆಗೆ 1878ರಲ್ಲಿ ಸ್ವಿಟ್ಜರ್ಲೆಂಡಿನ ಒಬ್ವಾಲ್ಡೆನ್ ಪ್ರಾಂತ ಇದರ ರಕ್ಷಣೆಗೆಂದೇ ಕಾನೂನು ಮಾಡಬೇಕಾಯಿತು.

ಇಂದು ಚರ್ಮಕ್ಕೆ ಹಚ್ಚುವ ಲೇಪಗಳಲ್ಲಿ ಇದರ ಸಾರವನ್ನು ಬೆರೆಸುತ್ತಾರೆ. ಅದಕ್ಕಾಗಿ ಬೆಟ್ಟವನ್ನು ಸೂರೆ ಮಾಡಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಇದನ್ನು ಹೊಲಗಳಲ್ಲಿ ಬೆಳೆಯುತ್ತಿದ್ದಾರೆ. ಉಪಯೋಗವೂ ಉಳಿವೂ ಒಟ್ಟಿಗೆ ಸಾಗುವ ದಾರಿ ಹೀಗೆ ತೆರೆದಿದೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಈ ಗಿಡವನ್ನು ತಗ್ಗಿನ ನಾಡಿಗೆ ತಂದು ಫಲವತ್ತಾದ ಮಣ್ಣಿನಲ್ಲಿ ನೆಟ್ಟರೆ ಅದು ಸೊಂಪಾಗಿ ಬೆಳೆಯುತ್ತದೆ. ಆದರೆ ಉಣ್ಣೆ ವಿರಳವಾಗಿ ಬಿಳುಪು ಮಾಸುತ್ತದೆ. ಆ ಬಿಳುಪು ಕಷ್ಟದ ನೆಲೆಯಲ್ಲಿ ಬಾಳಿ ಗಳಿಸಿದ್ದು. ಅದನ್ನು ಕಾಣುವ ಆಸೆಯುಳ್ಳವರು ಹೂವಿದ್ದಲ್ಲಿಗೆ ಹೋಗಿ, ನೋಡಿ, ಬರಿಗೈಯಲ್ಲಿ ಹಿಂದಿರುಗುವುದೇ ಲೇಸು.